ವಿಳಾಸ ಬದಲಿಸಿದ ಕಾಯಿದೆ

ನಮ್ಮ ಕಡೆ ಹಳೇ ಹೊಲದ ಕಾಗದ ತೆಗೆದರೆ ‘ಬಳ್ಳಾರಿ ಜಿಲ್ಲೆ, ಆದವಾನಿ ತಾಲೂಕು’ ಎಂದಿರುತ್ತದೆ. “ಸಾರ್, ನಾವು ಯಾವಾಗ ಕರ್ನೂಲು ಜಿಲ್ಲೆಗೆ ಹೋದಿವಿ?” ಅಂತ ಹುಡುಗರು ಕೇಳ್ತಾರ. ನಾವು ಎಲ್ಲಿಗೂ ಹೋಗಲಿಲ್ಲಪ್ಪಾ. ಪೆದ್ದಹರಿವಾಣ, ಅದರ ಹೊಲ, ಬಾವಿ ಎಲ್ಲ ಇದ್ದಲ್ಲೇ ಅದಾವ. ಕಾಯಿದೆ ಬಂತು, ವಿಳಾಸ ಬದಲಾಯ್ತು.

ಅದು 1953ರ 30ನೇ ಕಾಯಿದೆ, ಆಂಧ್ರ ರಾಜ್ಯ ಕಾಯಿದೆ. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳ ಹೆಸರು ಹಿಡಿದು ಬರೆದು ಆಂಧ್ರಕ್ಕೆ ಸೇರಿಸಿದರು. ಉಳಿದ ಬಳ್ಳಾರಿ ಜಿಲ್ಲೆ ಮೈಸೂರಿಗೆ ಹೋಯಿತು. ಬಳ್ಳಾರಿ ತಾಲೂಕಿನ ಜಗಳ ಹರಿಯದೆ ನ್ಯಾಯಮೂರ್ತಿ ಮಿಶ್ರಾ ಅವರಿಂದ ವಿಚಾರಣೆ ಮಾಡಿಸಿದ್ದರು. ಅದು ಆ ತಾಲೂಕಿಗೆ ಮಾತ್ರ. 1953ರ ಅಕ್ಟೋಬರ್ 1ರಂದು ನಾವು ಆಂಧ್ರದವರಾಗಿ ಎದ್ದೆವು.

ಇದನ್ನು ಮಾಡುವ ಅಧಿಕಾರ ಸಂವಿಧಾನದ 3ನೇ ವಿಧಿಯಲ್ಲಿದೆ. ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ ಇಂಥ ಮಸೂದೆ ಸಂಸತ್ತಿಗೆ ಬರುವಂತಿಲ್ಲ. ಮೊದಲು ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು. ಕೇಳಬೇಕು, ಅಷ್ಟೇ, ಒಪ್ಪಬೇಕೆಂದಿಲ್ಲ. 2014ರಲ್ಲಿ ನಾವೇ ನೋಡಿದೆವಲ್ಲ: ತೆಲಂಗಾಣದ ಮಸೂದೆಯನ್ನು ಜನವರಿಯಲ್ಲಿ ಹೈದರಾಬಾದಿನ ಸಭೆ ಬ್ಯಾಡ ಅಂತು. ಫೆಬ್ರವರಿ 18ಕ್ಕೆ ಲೋಕಸಭೆ, 20ಕ್ಕೆ ರಾಜ್ಯಸಭೆ ಪಾಸು ಮಾಡಿದವು. ರಾಷ್ಟ್ರಪತಿಗಳ ಅಂಕಿತ ಬಿತ್ತು, ಮುಗೀತು.

ಮಸೂದೆಗೆ ಪ್ರತಿ ಸದನದಲ್ಲೂ ಮೂರು ಸಲ ಓದು. ಮಂಡಿಸುವುದು ಮೊದಲನೆಯದು, ಕೊನೆಯ ಮತ ಮೂರನೆಯದು. ನನ್ನ ಲೆಕ್ಕದಾಗ ಜೀವ ಇರೋದು ನಡುವಿನದರಾಗ. ಆಗ ಒಂದೊಂದೇ ಕಲಮು ತೆಗೆದು ಚರ್ಚಿಸುತ್ತಾರೆ. ಯಾವ ಸದಸ್ಯನಾದರೂ ತಿದ್ದುಪಡಿ ಸೂಚಿಸಬಹುದು. ಒಂದು ತಾಲೂಕಿನ ಹೆಸರು ಸೇರೋದು, ಬಿಡೋದು ಅಲ್ಲೇ. ಗಡಿ ಬದಲಿಸಲು ಹಾಜರಿದ್ದು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಕು. ಒಂದೂರಿನ ನುಡಿಯ ಹಣೆಬರಹಕ್ಕೆ ಇದು ಬಾಳ ಸಸ್ತಾ ಬೆಲೆ ಅನ್ನಿಸ್ತದ.

ಸಂವಿಧಾನದ ತಿದ್ದುಪಡಿಗೆ ಮಾತ್ರ ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಬೇಕು, ಸದನದ ಒಟ್ಟು ಸದಸ್ಯರಲ್ಲೂ ಅರ್ಧಕ್ಕಿಂತ ಹೆಚ್ಚು ಬೇಕು. 1956ರಲ್ಲಿ ಹಾಗೆ ಬಂದ ಏಳನೇ ತಿದ್ದುಪಡಿ ನಮ್ಮಂಥವರಿಗೆ 350ಎ ವಿಧಿ ಕೊಟ್ಟಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ‘ಪ್ರಯತ್ನಿಸಬೇಕು’ ಎಂದು ಅದರಲ್ಲಿದೆ. ‘ಒದಗಿಸಲೇಬೇಕು’ ಎಂದಿದ್ದರೆ! ಕನ್ನಡ ಮೇಷ್ಟ್ರ ಜಾಗ ಖಾಲಿ ಬಿದ್ದಾಗಲೆಲ್ಲ ಈ ಒಂದು ಪದ ನನ್ನನ್ನು ಚುಚ್ಚುತ್ತದೆ.

350ಬಿ ಪ್ರಕಾರ ಇದನ್ನು ವಿಚಾರಿಸಲು ವಿಶೇಷ ಅಧಿಕಾರಿ ಇರುತ್ತಾರೆ. ಅವರ ವರದಿ ರಾಷ್ಟ್ರಪತಿಗಳ ಮೂಲಕ ಎರಡೂ ಸದನಗಳ ಮುಂದೆ ಬರಬೇಕು. ದೇಶದಾಗ ಬಳಕೆಯಲ್ಲಿರೋ ಯಾವ ನುಡಿಯಲ್ಲಾದರೂ ಅಹವಾಲು ಕೊಡಬಹುದು ಎನ್ನುತ್ತದೆ 350ನೇ ವಿಧಿ. ಅದಕ್ಕೇ ನಾನು ಈ ಸಲ ಅರ್ಜಿಯನ್ನು ಇಂಗ್ಲಿಷಿನಾಗ ಬರೆಸಲಿಲ್ಲ, ಕನ್ನಡದಾಗ ಬರೆದೀನಿ. ವಾಚನಾಲಯದ ಮೇಜಿನ ಮ್ಯಾಲೆ ಐತಿ. ಇಲ್ಲೀತನಕ ಹನ್ನೊಂದು ಮಂದಿ ತಂದೆ-ತಾಯಿ ಸಹಿ ಹಾಕ್ಯಾರ.