ನಮ್ಮ ಮನೆಯ ಜೋಡಿ ಹಕ್ಕಿ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನೋ ಮಿರಜದ ಸಂಗೀತ ಪರಂಪರೆಯನ್ನೋ ಅವರು ನಮ್ಮಿಂದ ನಿರೀಕ್ಷಿಸಿದ್ದಿರಬೇಕು. ಆ ಎರಡು ವಿಷಯಗಳನ್ನು ಕುರಿತು ಹಿಂದೆ ನಾವು ಸಾಕಷ್ಟು ಬರೆದಿದ್ದೇವೆ. ವಾಚಕರೂ ಸಾಕಷ್ಟು ಸಹಿಸಿದ್ದಾರೆ. ಈ ಸಲ ದೂರದರ್ಶನದ ಒಂದು ಧಾರಾವಾಹಿಯನ್ನು ಕುರಿತು ಬರೆಯಲು ಅಪ್ಪಣೆ ಬೇಡುತ್ತೇವೆ. ಮೂವತ್ತಾರು ವರ್ಷ ಕನ್ನಡ ಕಲಿಸಿದ ಮುಖ್ಯಾಧ್ಯಾಪಕನೊಬ್ಬ ಎಪ್ಪತ್ತು ದಾಟಿದ ಮೇಲೆ ಧಾರಾವಾಹಿಯ ವಿಮರ್ಶೆಗೆ ಇಳಿದನೆಂದು ನಗುವವರು ನಗಲಿ. ನಮ್ಮ ಮನೆಯಲ್ಲಿ ಕನ್ನಡವು ಎಷ್ಟು ಉಳಿದಿದೆಯೋ ಅದರಲ್ಲಿ ಒಂದು ಪಾಲು ಆ ಧಾರಾವಾಹಿಯ ಪುಣ್ಯದಿಂದ ಉಳಿದಿದೆ.

ಧಾರಾವಾಹಿಯ ಹೆಸರು ‘ಜೋಡಿ ಹಕ್ಕಿ’. 2017ರ ಮಾರ್ಚ್ ತಿಂಗಳಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾಗಿ 2019ರವರೆಗೆ ನಡೆಯಿತು. ಅದು ಸ್ವತಂತ್ರ ಕೃತಿಯಲ್ಲ. 2016ರ ಅಕ್ಟೋಬರದಿಂದ ಜೀ ಮರಾಠಿಯಲ್ಲಿ ಬರುತ್ತಿದ್ದ ‘ತುಝ್ಯಾತ್ ಜೀವ್ ರಂಗಲಾ’ ಎಂಬುದರ ಕನ್ನಡ ರೂಪ. ಕಥೆ ಸರಳವಾದದ್ದು: ಹಳ್ಳಿಯ ಒಬ್ಬ ಪೈಲ್ವಾನ, ಓದು ಬರಹ ಅಷ್ಟಕ್ಕಷ್ಟೇ, ಮನಸ್ಸು ಮಾತ್ರ ಬೆಣ್ಣೆ, ಆ ಊರಿಗೆ ಬರುವ ಓದಿದ ಶಿಕ್ಷಕಿ, ಇಬ್ಬರ ನಡುವೆ ಅರಳುವ ಅನುರಾಗ. ಮರಾಠಿಯಲ್ಲಿ ಅವನು ರಾಣಾ, ಅವಳು ಅಂಜಲಿ. ಕನ್ನಡದಲ್ಲಿ ಅವನು ರಾಮಣ್ಣ, ಅವಳು ಜಾನಕಿ ಟೀಚರ್.

ನಮ್ಮ ಮನೆಯವರು ಜಮಖಂಡಿಯ ಕಡೆಯವರು. ಮದುವೆಯಾಗಿ ಮಿರಜಕ್ಕೆ ಬಂದು ನಾಲ್ಕು ದಶಕ ಕಳೆದಿದ್ದರೂ, ಭಾಜಿ ಮಂಡಈಯಲ್ಲಿ ಚೌಕಾಶಿ ಮಾಡುವಷ್ಟು ಮರಾಠಿಯನ್ನು ಚೆನ್ನಾಗಿಯೇ ಕಲಿತಿದ್ದರೂ, ಹೊಸ್ತಿಲು ದಾಟಿ ಒಳಗೆ ಬಂದಕೂಡಲೇ ಆ ಭಾಷೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತಿದ್ದರು. ನಮ್ಮ ಸೊಸೆ ಕೊಲ್ಹಾಪುರ ಜಿಲ್ಲೆಯ ಮರಾಠಿ ಮನೆತನದವಳು. ಮಗ ತಾನೇ ಮೆಚ್ಚಿ ಮಾಡಿಕೊಂಡ ಮದುವೆ. ಆ ಮದುವೆಗೆ ನಾವು ಒಪ್ಪಿದೆವು; ಮನೆಯವರು ಒಪ್ಪಿದಂತೆ ಸುಮ್ಮನಾದರು. ಒಪ್ಪುವುದಕ್ಕೂ ಸುಮ್ಮನಾಗುವುದಕ್ಕೂ ಇರುವ ಅಂತರವನ್ನು ನಮ್ಮ ಅಡಿಗೆಮನೆ ಹದಿನೈದು ವರ್ಷ ಕಂಡಿತು. ಜಗಳವೆಂಬುದು ಎಂದೂ ಆಗಲಿಲ್ಲ. ‘ಉಪ್ಪು’, ‘ಹಾಲು’, ‘ಬಂದ್ರು’, ‘ಹೋದ್ರು’ ಎಂಬಷ್ಟರಲ್ಲಿ ಅತ್ತೆ ಸೊಸೆಯರ ಸಂಭಾಷಣೆ ಮುಗಿಯುತ್ತಿತ್ತು.

ಸಂಜೆಯ ಒಂದು ಹೊತ್ತು ಸೊಸೆಯದು, ಇನ್ನೊಂದು ಹೊತ್ತು ಅತ್ತೆಯದು. ರಿಮೋಟ್ ಆ ಪ್ರಕಾರ ಕೈ ಬದಲಾಗುತ್ತಿತ್ತು. ನಾವು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂಡುತ್ತಿದ್ದೆವು. ಪತ್ರಿಕೆಯ ಅಂಚಿನಿಂದ ಎರಡನ್ನೂ ನೋಡುತ್ತಿದ್ದೆವೆಂಬುದನ್ನು ಈಗ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ‘ಜೋಡಿ ಹಕ್ಕಿ’ ಆರಂಭವಾಗಿ ನಾಲ್ಕೈದು ದಿನಗಳಾಗಿದ್ದವು. ಅಡಿಗೆಮನೆಯಿಂದ ಇಣುಕಿ ನೋಡಿದ ಸೊಸೆ, “ಆಯೀ, ಇದು ನಮ್ಮ ರಾಣಾನ ಕಥೀನs ಐತಿ!” ಎಂದು ಉದ್ಗರಿಸಿದಳು. ಅವಳ ಬಾಯಿಂದ ನಾವು ಕೇಳಿದ ಮೊದಲ ಪೂರ್ಣ ಕನ್ನಡ ವಾಕ್ಯ ಅದೇ ಇರಬೇಕು. ಮನೆಯವರು ತಿರುಗಿ ನೋಡದೆಯೇ, “ಮುಂದಿಂದು ಹೇಳಬ್ಯಾಡ ಮತ್ತ” ಎಂದರು.

ಅಂದಿನಿಂದ ಅದೊಂದು ಕಾಯಿದೆಯಾಯಿತು. ಮರಾಠಿ ಕಥೆ ಐದಾರು ತಿಂಗಳು ಮುಂದಿತ್ತು. ಸೊಸೆಗೆ ಎಲ್ಲವೂ ಗೊತ್ತು, ಹೇಳುವ ಹಾಗಿಲ್ಲ. ಆದರೆ ಮುಖವನ್ನು ಮುಚ್ಚಿಡಲಾದೀತೆ? ಕನ್ನಡದಲ್ಲಿ ಸಂಕಟದ ಪ್ರಸಂಗ ಬರುವುದಕ್ಕೆ ಮುಂಚೆಯೇ ಅವಳ ಮುಖ ಸಣ್ಣದಾಗುತ್ತಿತ್ತು. ಅದನ್ನು ಕಂಡು ಅತ್ತೆ ಸೆರಗನ್ನು ಸಿದ್ಧಮಾಡಿಕೊಳ್ಳುತ್ತಿದ್ದರು.

ಎರಡನ್ನೂ ನೋಡಿದವರಾದ ನಾವು ವಿಮರ್ಶೆಯ ಎರಡು ಮಾತು ಹೇಳಬೇಕು. ಮರಾಠಿಯ ರಾಣಾ ಮಣ್ಣಿನಿಂದ ಎದ್ದುಬಂದವನು. ಹಾರ್ದಿಕ್ ಜೋಶಿ ಎಂಬ ನಟರು ಆ ಪಾತ್ರವನ್ನು ಧರಿಸಿದ್ದರು. ‘ಚಾಲ್ತಯ್ ಕೀ’ ಎಂಬ ಅವರ ಒಂದು ಮಾತು ನಮ್ಮ ರಿಕ್ಷಾ ನಿಲ್ದಾಣದವರೆಗೂ ಹಬ್ಬಿತ್ತು. ಅದನ್ನು ಕೇಳಿದಾಗಲೆಲ್ಲ ನಮಗೆ ಚಿಕ್ಕೋಡಿ, ರಾಯಬಾಗದ ಕಡೆಯ ‘ನಡೀತೈತ್ರಿ’ ಎಂಬುದೇ ಕೇಳಿಸುತ್ತಿತ್ತು. ಅದೇ ಉದಾಸೀನ, ಅದೇ ಔದಾರ್ಯ. ಕೊಲ್ಹಾಪುರದ ತಾಲೀಮಿಗೂ ಬೆಳಗಾವಿಯ ಗರಡಿಗೂ ಮಣ್ಣು ಒಂದೇ, ಪಟ್ಟು ಒಂದೇ, ಬಾದಾಮಿ ಅರೆದ ಹಾಲೂ ಒಂದೇ. ಆದುದರಿಂದ ಆ ಕಥೆಗೆ ಕನ್ನಡವಾಗಲು ಐವತ್ತು ಮೈಲು ನಡೆದರೆ ಸಾಕಿತ್ತು. ಅದು ನಮ್ಮನ್ನು ದಾಟಿ ನೇರವಾಗಿ ದಕ್ಷಿಣಕ್ಕೆ ಹೋಗಿ, ಬೆಂಗಳೂರು ಮೈಸೂರುಗಳ ಕಡೆಯ ಮಾತನ್ನು ಕಲಿತು, ಆಮೇಲೆ ಉಪಗ್ರಹವೇರಿ ನಮ್ಮ ಮಿರಜದ ಮನೆಗೆ ಬಂದಿತು! ಕೊಲ್ಹಾಪುರದಿಂದ ಮಿರಜಕ್ಕೆ ರೈಲಿನಲ್ಲಿ ತಾಸಿನ ಹಾದಿ. ತಾಂಡವ್ ರಾಮ್ ಎಂಬ ನಟರ ರಾಮಣ್ಣನಲ್ಲಿ ಮೃದುತ್ವ ಹೆಚ್ಚು, ಮಣ್ಣು ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ಮನೆಯವರ ಅಭಿಪ್ರಾಯ ಬೇರೆ: “ನಿಮ್ಮ ರಾಣಾ ಒದರತಾನ. ನಮ್ಮ ರಾಮಣ್ಣ ಮಾತಾಡತಾನ.”

ಮುಖ್ಯಾಧ್ಯಾಪಕರಾಗಿ ನಮ್ಮದೊಂದು ಆಕ್ಷೇಪವು ಎರಡೂ ಭಾಷೆಗಳಿಗೆ ಸಮಾನವಾಗಿ ಸಲ್ಲುತ್ತದೆ. ನಾಯಕಿ ಶಿಕ್ಷಕಿ. ಆದರೆ ನಾವು ನೋಡಿದ ಕಂತುಗಳಲ್ಲಿ ಆಕೆ ಉತ್ತರಪತ್ರಿಕೆ ತಿದ್ದುವುದನ್ನಾಗಲಿ, ಪಾಠ ಟಿಪ್ಪಣಿ ಬರೆಯುವುದನ್ನಾಗಲಿ, ಬಿಸಿಯೂಟದ ಲೆಕ್ಕ ಒಪ್ಪಿಸುವುದನ್ನಾಗಲಿ ಕಾಣಲಿಲ್ಲ. ಇಂಥ ಶಿಕ್ಷಕಿ ನಮ್ಮ ಶಾಲೆಯಲ್ಲಿದ್ದರೆ ಪ್ರೇಮಕಥೆಯು ಎರಡನೆಯ ವಾರದಲ್ಲಿ ಮೆಮೋದೊಂದಿಗೆ ಮುಕ್ತಾಯವಾಗುತ್ತಿತ್ತು.

ರೀಮೇಕ್ ಎಂದಕೂಡಲೇ ಮೂಗು ಮುರಿಯುವ ಸಾಹಿತ್ಯಾಭಿಮಾನಿಗಳು ನಮ್ಮಲ್ಲಿದ್ದಾರೆ. ಅವರನ್ನು ಒಂದು ಸಲ ಸಾಂಗಲಿಯಿಂದ ಹರಿಪುರಕ್ಕೆ ಕರೆದೊಯ್ಯಬೇಕೆಂದು ನಮಗೆ ಅನಿಸುತ್ತದೆ. ಕೃಷ್ಣೆಗೆ ವಾರಣೆ ಕೂಡುವ ಆ ಊರಿನಲ್ಲಿ 1855ರಲ್ಲಿ ಹುಟ್ಟಿದವರು ಗೋವಿಂದ ಬಲ್ಲಾಳ ದೇವಲರು. ಬೆಳಗಾವಿಯಲ್ಲಿ ಕೆಲಕಾಲ ಶಿಕ್ಷಕರೂ ಆಗಿದ್ದರೆಂಬುದು ನಮ್ಮ ವೃತ್ತಿಗೆ ಹೆಮ್ಮೆ. ಅವರ ‘ಸಂಶಯಕಲ್ಲೋಳ’ವನ್ನು ನೋಡಿ ನಗದ ಮರಾಠಿಗರಿಲ್ಲ. ಎರಡು ಜೋಡಿಗಳು, ಒಂದು ಭಾವಚಿತ್ರ, ಮನೆತುಂಬ ಅನುಮಾನ. ಅದರ ಬೇರು ಎಲ್ಲಿಯದು? ಫ್ರಾನ್ಸಿನ ಮೋಲಿಯೇರ್ 1660ರಲ್ಲಿ ಆಡಿಸಿದ ಪ್ರಹಸನವನ್ನು ಆರ್ಥರ್ ಮರ್ಫಿ ಎಂಬಾತ 1761ರಲ್ಲಿ ಇಂಗ್ಲಿಷಿಗೆ ತಿರುಗಿಸಿದ. ಆ ಇಂಗ್ಲಿಷನ್ನು ಹಿಡಿದು ದೇವಲರು ಮೊದಲು ಗದ್ಯನಾಟಕವನ್ನಾಗಿಯೂ, 1916ರಲ್ಲಿ ಸಂಗೀತ ನಾಟಕವನ್ನಾಗಿಯೂ ಮಾಡಿದರು. ರೀಮೇಕಿನ ರೀಮೇಕ್! ಆದರೂ ಫಾಲ್ಗುನರಾವ್ ಪ್ಯಾರಿಸಿನವನೆಂದು ಹರಿಪುರದ ಯಾವ ಹಿರಿಯರಿಗೂ ಅನಿಸಿಲ್ಲ.

ಅದಕ್ಕೂ ಹಿಂದೆ ಹೋದರೆ ಮಾತು ನಮ್ಮ ಮನೆಗೇ ಬರುತ್ತದೆ. ಉತ್ತರ ಕನ್ನಡದಿಂದ ಬಂದ ಭಾಗವತ ಮೇಳವೊಂದು ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಕಂಡ ಸಂಸ್ಥಾನಾಧಿಪತಿ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು, ಇಂಥದೊಂದು ಆಟ ಮರಾಠಿಯಲ್ಲೂ ಆಗಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಆಜ್ಞಾಪಿಸಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೆ ಬಂದಿತು. ನವೆಂಬರ 5ನ್ನು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಹಾಗಾದರೆ ಸಾಲ ಕೊಟ್ಟವರು ಯಾರು, ಪಡೆದವರು ಯಾರು? ‘ತುಝ್ಯಾತ್ ಜೀವ್ ರಂಗಲಾ’ ಕನ್ನಡವಾದದ್ದನ್ನು ಹಳೆಯ ಸಾಲದ ಒಂದು ಕಂತಿನ ಮರುಪಾವತಿಯೆಂದು ನಾವು ಲೆಕ್ಕ ಬರೆದುಕೊಂಡಿದ್ದೇವೆ.

ಡಬ್ಬಿಂಗ್ ವಿಷಯವೂ ಇಲ್ಲಿ ಒಂದು ಮಾತಿಗೆ ಅರ್ಹ. ಪರಭಾಷೆಯ ಚಿತ್ರಕ್ಕೆ ಕನ್ನಡದ ದನಿ ಕೂಡಿಸುವುದನ್ನು ಕನ್ನಡ ಚಿತ್ರರಂಗವು ದಶಕಗಳ ಕಾಲ ವಿರೋಧಿಸಿತು. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಆ ಕಟ್ಟನ್ನು ಸಡಿಲಿಸಿತು; 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ಮಹಾಭಾರತವೇ ಕನ್ನಡದಲ್ಲಿ ಮಾತಾಡತೊಡಗಿತು. ನಾವು ಎರಡನ್ನೂ ನಿಂದಿಸುವವರಲ್ಲ. ಆದರೆ ದನಿ ಬದಲಿಸಿದರೆ ತುಟಿ ಪರಕೀಯವಾಗಿಯೇ ಉಳಿಯುತ್ತದೆ. ಮರಳಿ ಮಾಡಿದರೆ ಅಂಗಳ, ಕುಂಕುಮ, ಊಟದ ತಾಟು, ಎಲ್ಲವೂ ಬದಲಾಗಬೇಕಾಗುತ್ತದೆ. ನಟರಿಗೆ ಕೂಲಿಯೂ ಸಿಗುತ್ತದೆ.

ಮೊಮ್ಮಗಳು ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅವಳು ಕೊರಿಯಾ ದೇಶದ ಧಾರಾವಾಹಿಗಳ ಭಕ್ತೆ. ಕಳೆದ ದೀಪಾವಳಿಗೆ ಬಂದಾಗ ಅವಳೇ ನಮಗೆ ತಿಳಿಸಿದಳು: 2005ರಲ್ಲಿ ಕೊರಿಯಾದಲ್ಲಿ ಕೇಕು ಮಾಡುವ ಸ್ಯಾಮ್ ಸೂನ್ ಎಂಬ ಹೆಣ್ಣುಮಗಳ ನಗೆಗಥೆ ಬಂತಂತೆ, 2008ರಲ್ಲಿ ಫಿಲಿಪೈನ್ಸಿನವರು ಅದನ್ನು ತಮ್ಮ ಭಾಷೆಯಲ್ಲಿ ಮಾಡಿದರಂತೆ, ಮಾಡುವಾಗ ಅವಳ ಕೊರಿಯನ್ ಹೆಸರನ್ನು ಶೀರ್ಷಿಕೆಯಲ್ಲಿ ಹಾಗೆಯೇ ಇಟ್ಟುಕೊಂಡರಂತೆ. ನಮ್ಮವರು ಅಂಜಲಿಯನ್ನು ಜಾನಕಿ ಮಾಡಿದರಲ್ಲ, ಅವರೇಕೆ ಹೆಸರನ್ನು ಬಿಡಲಿಲ್ಲವೆಂದು ನಾವು ಕೇಳಿದೆವು. “ಅಜ್ಜಾ, ಆಕಿ ತನ್ನ ಹೆಸರಿನ ಸಲುವಾಗೇ ಒದ್ದಾಡತಾಳ, ಹೆಸರು ತಗದ್ರ ಏನ ಉಳೀತು?” ಎಂದಳು. ಉತ್ತರ ನಮಗೆ ಮೆಚ್ಚಿಗೆಯಾಯಿತು. ಹತ್ತಕ್ಕೆ ಎಂಟು ಅಂಕ ಕೊಟ್ಟೆವು.

2018ರ ಬೇಸಿಗೆಯಲ್ಲಿ ಮನೆಯವರ ಮೂತ್ರಪಿಂಡಗಳು ಕೈಕೊಟ್ಟವು. ಮಿರಜ ಆಸ್ಪತ್ರೆಗಳ ಊರು. ರಾಯಬಾಗ, ಘಟಪ್ರಭಾಗಳಿಂದ ರೈಲು ಹತ್ತಿ ಜನ ಇಲ್ಲಿಗೆ ಬರುತ್ತಾರೆ. ನಮಗೆ ಅದು ಮನೆಯಿಂದ ಹತ್ತು ನಿಮಿಷದ ದಾರಿ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಕರೆದೊಯ್ಯುವವಳು, ಕರೆತರುವವಳು ಸೊಸೆ. ಆ ದಿನಗಳಲ್ಲಿ ಸಂಜೆ ಮನೆಯವರಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಟಿವಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಮೊದಮೊದಲು, ಇವತ್ತೇನಾಯಿತೆಂದು ಕೇಳುತ್ತಿದ್ದರು; ಸೊಸೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ಅಂದಿನ ಕಂತನ್ನು ತನ್ನ ಕನ್ನಡದಲ್ಲಿ ಹೇಳುತ್ತಿದ್ದಳು. ಶಾಲೆಗೆ ‘ಶಾಳೆ’ ಎನ್ನುವಳು. ಹುಡುಕಿ ಸಿಗದ ಶಬ್ದಕ್ಕೆ ಮರಾಠಿಯನ್ನೇ ಒತ್ತಿಡುವಳು. ಅತ್ತೆ ಮಲಗಿದಲ್ಲಿಂದಲೇ ಕನ್ನಡದ ಶಬ್ದವನ್ನು ಎತ್ತಿಕೊಡುವರು. ಬಾಗಿಲ ಈಚೆ ಕುಳಿತ ನಮಗೆ ಅದು ಎರಡನೆಯ ಇಯತ್ತೆಯ ವರ್ಗದಂತೆ ಕೇಳಿಸುತ್ತಿತ್ತು.

ಆಷಾಢದ ಒಂದು ರಾತ್ರಿ ಮನೆಯವರು ಹೇಳಿದರು: “ಇನ್ನ ಆ ಕಾಯ್ದೆ ಬ್ಯಾಡ. ಮುಂದಿಂದು ಹೇಳು. ಮುಗಿಯೋತನಕಾ ಹೇಳು. ಅವರು ಮುಗಸೋತನಕಾ ನಾ ಕಾಯೂದಿಲ್ಲ.”

ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಅವಳಾದರೂ ಏನು ಹೇಳಿಯಾಳು? ಮರಾಠಿಯ ಕಥೆಯೂ ಮುಗಿದಿರಲಿಲ್ಲ. ಅದು ಮುಗಿದದ್ದು 2021ರ ಆರಂಭದಲ್ಲಿ. ಆಮೇಲೆ ಅವಳು ಆರಂಭಿಸಿದಳು. ನಾಲ್ಕು ರಾತ್ರಿ ಹೇಳಿದಳು. ಜಾನಕಿ ಟೀಚರ್ ಊರಿನಲ್ಲಿ ಒಂದು ಶಾಳೆ ತೆರೆದಳು. ಒಂದು ಕೋಣೆಯಲ್ಲಿ ಕನ್ನಡ, ಒಂದು ಕೋಣೆಯಲ್ಲಿ ಮರಾಠಿ, ನಡುವೆ ಗೋಡೆಯಿಲ್ಲ. ರಾಮಣ್ಣ ಗರಡಿಯ ಮಣ್ಣಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿದ. ಆ ಶಾಳೆಗೆ ಒಬ್ಬ ಮುದುಕ ಹೆಡ್ ಮಾಸ್ತರರು ಬಂದರು. ಕಪ್ಪು ಕೊಡೆ, ಕರೀ ಟೊಪ್ಪಿಗೆ, ಬಹಳ ಸಿಟ್ಟು. ಸಿಟ್ಟು ಬಂದಾಗ ಭಡಂಗ ಕೊಟ್ಟರೆ ಶಾಂತರಾಗುವರು. ಅವರ ಹೆಂಡತಿ ಮೊದಲು ಟೀಚರ್ ಜೊತೆ ಮಾತಾಡುತ್ತಿರಲಿಲ್ಲ. ಒಂದು ದಿನ ಅವರೇ ಟೀಚರ್‌ಗೆ ರೊಟ್ಟಿ ಬಡಿಯುವುದನ್ನು ಕಲಿಸಿದರು.

ಇದು ಮರಾಠಿಯಲ್ಲೂ ಇರಲಿಲ್ಲ, ಕನ್ನಡದಲ್ಲೂ ಇರಲಿಲ್ಲ. ಎರಡನ್ನೂ ಕದ್ದು ನೋಡಿದ ನಮಗೆ ಅದು ಗೊತ್ತಿತ್ತು. ಆಯುಷ್ಯವೆಲ್ಲ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಕೈ; ಅಂದು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತೆವು. ಮನೆಯವರಿಗೆ ತಿಳಿದಿತ್ತೇ? ಮೂರನೆಯ ರಾತ್ರಿ, “ಆ ಮಾಸ್ತರರು ಭಾಳ ತಿಂತಾರ, ಸ್ವಲ್ಪ ಕಡಿಮಿ ಮಾಡಂತ ಹೇಳು” ಎಂದು ಅವರು ನಕ್ಕದ್ದು ಕೇಳಿಸಿತು. ಆ ನಗೆಯ ನಡುವೆ ಅವರು ಸೊಸೆಯನ್ನು ‘ಬಾಳಾ’ ಎಂದು ಕರೆದರು. ಅದು ಮರಾಠಿ ಮಾತು. ಹೊಸ್ತಿಲ ಒಳಗೆ ಅವರು ಆಡಿದ ಮರಾಠಿಯನ್ನು ನಾವು ಕೇಳಿದ್ದು ಅದೊಂದೇ ಸಲ.

ಶ್ರಾವಣದಲ್ಲಿ ಅವರು ಹೋದರು.

‘ಜೋಡಿ ಹಕ್ಕಿ’ಯ ಕೊನೆಯ ಕಂತನ್ನು ನಾವು ನೋಡಲಿಲ್ಲ. ಮುಂದೆ ‘ತುಲಾ ಪಾಹತೇ ರೇ’ ಎಂಬ ಮರಾಠಿ ಕಥೆ 2019ರಲ್ಲಿ ‘ಜೊತೆ ಜೊತೆಯಲಿ’ಯಾಗಿ ಕನ್ನಡಕ್ಕೆ ಬಂದು ಬಹಳ ಹೆಸರು ಮಾಡಿತು. ಅದನ್ನು ಸೊಸೆ ಕನ್ನಡದಲ್ಲಿಯೇ ನೋಡಿದಳು. ಈಗ ಅವಳು ಶಾಲೆಗೆ ಶಾಲೆ ಎನ್ನುತ್ತಾಳೆ. ನಮಗೆ ಅದು ಒಂದಿಷ್ಟು ಬೇಸರವೇ. ರೊಟ್ಟಿ ಮಾತ್ರ ಇನ್ನೂ ಅಂಚಿನಲ್ಲಿ ಒಡೆಯುತ್ತದೆ.

ಈ ಲೇಖನಕ್ಕೆ ಕುಳಿತಾಗ, ಇಷ್ಟು ವರ್ಷಗಳ ಮೇಲೆ, ಕೇಳಬೇಕೆನಿಸಿ ಕೇಳಿದೆವು: ಆ ಹೆಡ್ ಮಾಸ್ತರರು ನಿವೃತ್ತರಾದ ಮೇಲೆ ಏನು ಮಾಡಿದರು?

ಅವಳು ಹಂಚಿನ ಮೇಲಿನ ಕಣ್ಣು ತೆಗೆಯಲಿಲ್ಲ. “ಇನ್ನೂ ಅಲ್ಲೇ ಅದಾರ್ರಿ, ಬಾಬಾ. ನಿಮ್ಮ ಚಹಾ ಆರಾಕತ್ತೈತಿ.”