ಆಷಾಢದ ತೇರಿಗೆ ಜೋಡಿಯಾಗಿ ಬನ್ನಿ

ಆಷಾಢ ಬಂತೆಂದರೆ ಹೊಸ ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ನಿಮ್ಮಲ್ಲೂ ಉಂಟಲ್ಲವೇ? ಚಾಮರಾಜನಗರದಲ್ಲಿ ನೋಡಿ, ಇದೇ ತಿಂಗಳು ನವದಂಪತಿಗಳು ಜೋಡಿಯಾಗಿಯೇ ತೇರಿಗೆ ಬರುತ್ತಾರೆ! ಹರವೆಯ ನನ್ನ ಗೆಳತಿ, "ನೀನೇ ಬಂದು ನೋಡ್ಬುಡು" ಎಂದು ಕರೆದಳು. ಇಬ್ಬರೂ ಬಸ್ಸು ಹತ್ತಿದೆವು.

ಊರಿನ ಹಳೆಯ ಹೆಸರು ಅರಿಕುಠಾರ. ತಂದೆ ಹುಟ್ಟಿದ ಈ ಊರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ದೇಗುಲ ಕಟ್ಟಿಸಿದರು. ದೇವರು ಅಪ್ಪನ ಹೆಸರಿನ ಚಾಮರಾಜೇಶ್ವರ, ಅಮ್ಮನವರು ತಾಯಿಯ ಹೆಸರಿನ ಕೆಂಪನಂಜಾಂಬ. ತಾಯಿಯನ್ನು ಮರೆಯಲಿಲ್ಲವಲ್ಲ, ನನಗೆ ಹಿಡಿಸಿದ್ದು ಅದು.

2017ರಲ್ಲಿ ತೇರಿಗೆ ಬೆಂಕಿ ಬಿತ್ತು. ಹೊಸ ತೇರು ಎಳೆದದ್ದು 2022ರಲ್ಲಿ. ನಡುವೆ ಮದುವೆಯಾದವರ ಗತಿ? ಗೆಳತಿಯ ಮಗಳ ಮದುವೆ ಆದದ್ದು 2018ರಲ್ಲಿ. "ತೇರಿಗೆ ಹಣ್ಣು ಜವನ ಎಸೀದೆ, ಮದ್ವೆ ಅರ್ಧಕ್ಕೆ ನಿಂತಂಗಿತ್ತು ಕಣೆ" ಎಂದಳು. ಕೊನೆಗೆ ಮೂರು ವರ್ಷದ ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಆ ಹುಡುಗಿ ಬಾಳೆಹಣ್ಣು ಎಸೆದಳಂತೆ. ಗಂಡನಿಗೆ ನಾಚಿಕೆ, ಇವಳಿಗಲ್ಲ!

ನೀವೂ ಹೋಗುವುದಾದರೆ ಬೆಳಗ್ಗೆ ಬೇಗನೆ ಹೊರಡಿ. ರೇಷ್ಮೆ ಸೀರೆ ಮಾತ್ರ ಬೇಡ. ಹಿಂದಿನವರು ಎಸೆದ ಬಾಳೆಹಣ್ಣು ತೇರಿನ ಬದಲು ನಿಮ್ಮ ಹೆಗಲಿಗೇ ಬಿದ್ದೀತು.