ಚಿಪ್ಪುಗಳ ದ್ವೀಪ ಸ್ಯಾನಿಬೆಲ್

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳು ಇಂದು ನಮ್ಮ ಬಂಧುಬಳಗದಲ್ಲಿ ಅನೇಕ. ಮಕ್ಕಳನ್ನು ಕಾಣಲು ಹೋದ ಹಿರಿಯರಿಗೆ ಅವರು ರಜೆಯ ದಿನಗಳಲ್ಲಿ ನಯಾಗರ ಜಲಪಾತವನ್ನೋ ನ್ಯೂಯಾರ್ಕ್ ನಗರವನ್ನೋ ತೋರಿಸುವುದು ವಾಡಿಕೆ. ಫ್ಲಾರಿಡಾ ರಾಜ್ಯದಲ್ಲಿ ಇರುವವರ ಭಾಗ್ಯ ಬೇರೆ. ಅವರಿಗೆ ಮೂರು ದಿಕ್ಕಿಗೂ ಕಡಲು. ಪೂರ್ವಕ್ಕೆ ಅಟ್ಲಾಂಟಿಕ್ ಮಹಾಸಾಗರ, ಪಶ್ಚಿಮಕ್ಕೆ ಮೆಕ್ಸಿಕೊ ಕೊಲ್ಲಿ. ಈ ಕೊಲ್ಲಿಯನ್ನು ಅಮೆರಿಕ ಸರಕಾರ 2025ರಿಂದ ‘ಅಮೆರಿಕ ಕೊಲ್ಲಿ’ ಎಂದು ಕರೆಯುತ್ತಿದೆ. ಅದರ ಅಂಚಿನಲ್ಲಿ, ಫೋರ್ಟ್ ಮೈಯರ್ಸ್ ನಗರದ ಎದುರಿಗೆ ಇರುವ ಪುಟ್ಟ ದ್ವೀಪ ಸ್ಯಾನಿಬೆಲ್. ಟ್ಯಾಂಪಾ ನಗರದಲ್ಲಿರುವ ಮಗಳ ಮನೆಯಲ್ಲಿ ನಾವು ಉಳಿದುಕೊಂಡಿದ್ದಾಗ, ಒಂದು ಡಿಸೆಂಬರ್ ತಿಂಗಳ ಕೊನೆಯಲ್ಲಿ, ಎರಡು ದಿನ ಅಲ್ಲಿ ಕಳೆಯುವ ಅವಕಾಶ ಒದಗಿತು. ನಾವಿಬ್ಬರು, ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗ, ಅಳಿಯನ ತಾಯಿ ನಮ್ಮ ಬೀಗಿತಿಯವರು, ಹೀಗೆ ಆರು ಮಂದಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನದ ಬುತ್ತಿ ಕಟ್ಟಿಕೊಂಡೇ ಹೊರಟೆವು. ಮೀನಿನ ಊಟಕ್ಕೆ ಹೆಸರಾದ ದ್ವೀಪದಲ್ಲಿ ನಮ್ಮಂಥ ಶಾಕಾಹಾರಿಗಳಿಗೆ ಬುತ್ತಿಗಿಂತ ನಂಬಿಕೆಯ ನೆಂಟ ಮತ್ತೊಬ್ಬನಿಲ್ಲ.

ಸ್ಯಾನಿಬೆಲ್ ದ್ವೀಪದ ಉದ್ದ ಸುಮಾರು 19 ಕಿಲೋಮೀಟರ್. ಈ ಕರಾವಳಿಯ ಬಹುತೇಕ ದ್ವೀಪಗಳು ಉತ್ತರ ದಕ್ಷಿಣವಾಗಿ ಮೈಚಾಚಿದ್ದರೆ, ಇದು ಮಾತ್ರ ಪೂರ್ವ ಪಶ್ಚಿಮವಾಗಿ ಬಾಗಿ ಮಲಗಿದೆ. ಕಡಲ ಪ್ರವಾಹ ಹೊತ್ತು ತರುವ ಚಿಪ್ಪುಗಳಿಗೆ ಈ ಬಾಗು ಮೊರ ಒಡ್ಡಿದಂತಾಗಿದೆ. ತಳವೂ ಬಹುದೂರದವರೆಗೆ ಆಳವಿಲ್ಲದೆ ಸಾಗುವುದರಿಂದ, ಚಿಪ್ಪುಗಳು ಬಂಡೆಗೆ ಬಡಿದು ಪುಡಿಯಾಗದೆ ಇಡಿಯಾಗಿಯೇ ದಡ ಸೇರುತ್ತವೆ. ಸೊಂಟ ಬಾಗಿಸಿ ಚಿಪ್ಪು ಹುಡುಕುತ್ತ ನಡೆಯುವವರ ಭಂಗಿಗೆ ಅಲ್ಲಿಯವರು ‘ಸ್ಯಾನಿಬೆಲ್ ಬಾಗು’ ಎಂದೇ ಹೆಸರಿಟ್ಟಿದ್ದಾರೆ. ಬೆಳಗಿನ ಹೊತ್ತು ದಂಡೆಯುದ್ದಕ್ಕೂ ಬಾಗಿ ನಡೆಯುತ್ತಿದ್ದ ಜನರನ್ನು ಕಂಡಾಗ, ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳ ಸಾಲು ನಮ್ಮ ಕಣ್ಣಮುಂದೆ ಬಂದಿತು. ಬಿಳಿಯರು ಬರುವುದಕ್ಕೆ ಮೊದಲು ಈ ಸೀಮೆಯಲ್ಲಿ ಬಾಳಿದ ಕಲೂಸಾ ಜನ ಈ ಚಿಪ್ಪುಗಳಿಂದಲೇ ತಮ್ಮ ಉಪಕರಣಗಳನ್ನು ಮಾಡಿಕೊಳ್ಳುತ್ತಿದ್ದರು.

ಮುಖ್ಯ ಭೂಮಿಯಿಂದ ದ್ವೀಪಕ್ಕೆ ಹೋಗಲು ಸುಮಾರು 5 ಕಿಲೋಮೀಟರಿನ ಸೇತುಮಾರ್ಗವಿದೆ. 1963ರಲ್ಲಿ ಅದು ತೆರೆಯುವವರೆಗೆ ದೋಣಿಯೇ ಗತಿಯಾಗಿತ್ತು. ಸೇತುವೆ ಬಂದ ಮೇಲೆ ಎತ್ತರದ ಹೋಟೆಲುಗಳು ದ್ವೀಪವನ್ನು ನುಂಗಿಬಿಡುವ ಭಯ ಹುಟ್ಟಿತು. ನಿವಾಸಿಗಳು 1974ರಲ್ಲಿ ತಮ್ಮದೇ ನಗರಾಡಳಿತವನ್ನು ಸ್ಥಾಪಿಸಿಕೊಂಡು ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದರು. ಇಂದಿಗೂ ಅಲ್ಲಿ ಗಗನಚುಂಬಿ ಕಟ್ಟಡವಿಲ್ಲ. ರಸ್ತೆಯಲ್ಲಿ ಕೆಂಪು ಹಸಿರು ದೀಪಗಳೂ ಇಲ್ಲ. ಸೈಕಲ್ಲಿಗಾಗಿ ಪ್ರತ್ಯೇಕ ದಾರಿಗಳಿವೆ. ಬಾಡಿಗೆ ಸೈಕಲ್ ಪಡೆದು ಮಗಳು, ಅಳಿಯ, ಮೊಮ್ಮಗ ಮೂವರೂ ಸುತ್ತಾಡಿದರು.

ಯಾವ ದಂಡೆಗೆ ಹೋಗಬೇಕೆಂಬುದನ್ನು ಯಾರನ್ನು ಕರೆದುಕೊಂಡು ಬಂದಿದ್ದೇವೆ, ಏನನ್ನು ಬಯಸಿ ಬಂದಿದ್ದೇವೆ ಎಂಬುದರ ಮೇಲೆ ನಿರ್ಧರಿಸಬೇಕು. ದ್ವೀಪದ ಪೂರ್ವ ತುದಿಯಲ್ಲಿ 1884ರಲ್ಲಿ ಮೊದಲು ಬೆಳಗಿದ ಕಬ್ಬಿಣದ ದೀಪಸ್ತಂಭವಿದೆ. ಸೂರ್ಯೋದಯವನ್ನು ನೋಡಬೇಕೆನ್ನುವವರಿಗೆ ಈ ದಂಡೆ ಸರಿ. ಆದರೆ ಕೊಲ್ಲಿಯ ನೀರೂ ಒಳಗಿನ ಹಿನ್ನೀರೂ ಸಂಧಿಸುವ ಜಾಗವಾದ್ದರಿಂದ ಸೆಳೆತ ಬಲವಾಗಿರುತ್ತದೆ; ದಡದಲ್ಲಿ ಅಡ್ಡಾಡುವುದೇ ಕ್ಷೇಮ. ದ್ವೀಪದ ನಡುಭಾಗದಲ್ಲಿರುವ ಗಲ್ಫ್‌ಸೈಡ್ ಉದ್ಯಾನದ ದಂಡೆ ಮೆಲ್ಲಗೆ ಇಳಿಯುತ್ತದೆ, ಅಲೆಗಳೂ ಸಣ್ಣವು. ಚಿಕ್ಕ ಮಕ್ಕಳು ನೀರಾಟವಾಡಲು ನಮಗೆ ಒಪ್ಪಿಗೆಯಾದದ್ದು ಇದೇ. ಪಶ್ಚಿಮಕ್ಕೆ ಬೋಮನ್ಸ್ ದಂಡೆ. ವಾಹನ ನಿಲ್ಲಿಸಿ, ಸಣ್ಣ ಸೇತುವೆ ದಾಟಿ, ಸುಮಾರು 400 ಮೀಟರ್ ನಡೆಯಬೇಕು. ಮಂಡಿನೋವಿನವರಿಗೆ ತುಸು ಶ್ರಮವಾದರೂ, ಕಟ್ಟಡಗಳಿಲ್ಲದ ಅಗಲವಾದ ಬೆಳ್ಳಗಿನ ಉಸುಕು ಆ ಶ್ರಮವನ್ನು ಮರೆಸುತ್ತದೆ. ಚಿಪ್ಪು ಹುಡುಕುವವರಿಗೆ ಹೇಳಿ ಮಾಡಿಸಿದ ತಾಣವಿದು.

ಇನ್ನೂ ಮುಂದೆ, ಸ್ಯಾನಿಬೆಲ್ ಮುಗಿದು ಕ್ಯಾಪ್ಟಿವಾ ದ್ವೀಪ ಆರಂಭವಾಗುವಲ್ಲಿ, ಬ್ಲೈಂಡ್ ಪಾಸ್ ಎಂಬ ಕಿರಿದಾದ ಜಲಮಾರ್ಗವಿದೆ. ಅದರ ಇಕ್ಕೆಲದ ದಂಡೆಗಳಲ್ಲಿ ಚಿಪ್ಪುಗಳ ರಾಶಿ; ಸೂರ್ಯಾಸ್ತದ ಸೊಬಗೂ ಅಪೂರ್ವ. ಆದರೆ ಅಲ್ಲಿಯ ನೀರಿಗೆ ಇಳಿಯಬಾರದು. ಉಬ್ಬರ ಇಳಿತಗಳ ಹೊತ್ತಿಗೆ ಆ ಕಿರುದಾರಿಯಲ್ಲಿ ನುಗ್ಗುವ ಸೆಳೆತ ನುರಿತ ಈಜುಗಾರನನ್ನೂ ಎಳೆದೊಯ್ಯಬಲ್ಲದು. ಸ್ಯಾನಿಬೆಲ್ಲಿನ ದಂಡೆಗಳಲ್ಲಿ ಜೀವರಕ್ಷಕರ ಕಾವಲಿಲ್ಲ ಎಂಬುದನ್ನು ಹೆತ್ತವರು ಎಂದೂ ಮರೆಯಲಾಗದು. ಬೇಸಿಗೆಯ ತಿಂಗಳುಗಳಲ್ಲಿ ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ತೊರಕೆ ಮೀನುಗಳು ಉಸುಕಿನಡಿ ಅಡಗಿರುತ್ತವೆ. ಹೆಜ್ಜೆ ಎತ್ತಿ ಇಡದೆ ಪಾದವನ್ನು ಎಳೆಯುತ್ತ ನಡೆದರೆ ಅವು ತಾವಾಗಿ ಸರಿದುಹೋಗುತ್ತವೆ. ಮೇಲೆ ಕಾಲಿಟ್ಟರೆ ಮಾತ್ರ ಬಾಲದ ಮುಳ್ಳಿನಿಂದ ಚುಚ್ಚುತ್ತವೆ.

ಚಿಪ್ಪು ಹುಡುಕಲು ಇಳಿತದ ಹೊತ್ತು ಉತ್ತಮ. ಅದರಲ್ಲಿಯೂ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ನೀರು ಹೆಚ್ಚು ಹಿಂದೆ ಸರಿಯುತ್ತದೆ. ಚಳಿಗಾಲದ ಗಾಳಿ ಕಡಲನ್ನು ಕಲಕಿದ ಮರುದಿನ ಬೆಳೆ ಸಮೃದ್ಧ. ಜುನೋನಿಯಾ ಎಂಬ, ಕೆನೆಬಣ್ಣದ ಮೇಲೆ ಕಂದು ಚುಕ್ಕೆಗಳ ಸಾಲು ಹೊತ್ತ ಚಿಪ್ಪು ಬಹಳ ಅಪರೂಪ. ಸಿಕ್ಕವರ ಭಾವಚಿತ್ರ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗುವ ರೂಢಿಯುಂಟು. ಚಿಪ್ಪುಗಳಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯವೊಂದು 1995ರಲ್ಲಿ ಇಲ್ಲಿ ಆರಂಭವಾಯಿತು.

ಅದೇ 1995ರಿಂದ ಸ್ಯಾನಿಬೆಲ್ಲಿನಲ್ಲಿ ಮತ್ತೊಂದು ಕಟ್ಟಳೆ ಜಾರಿಯಲ್ಲಿದೆ. ಜೀವವಿರುವ ಚಿಪ್ಪನ್ನು ಯಾರೂ ಒಯ್ಯುವಂತಿಲ್ಲ. ನಕ್ಷತ್ರಮೀನು, ಕಡಲ ಮುಳ್ಳುಚೆಂಡು, ರೂಪಾಯಿಯಂತೆ ದುಂಡಗಿರುವ ‘ಸ್ಯಾಂಡ್ ಡಾಲರ್’ ಇವೂ ಆ ಕಟ್ಟಳೆಗೆ ಒಳಪಟ್ಟಿವೆ. ಸ್ಯಾಂಡ್ ಡಾಲರ್ ಕಂದು ಬಣ್ಣದ್ದಾಗಿ ಮೈಮೇಲೆ ನವಿರು ಮುಳ್ಳುಗಳಿದ್ದರೆ ಅದು ಬದುಕಿದೆ. ಬೆಳ್ಳಗೆ ನುಣುಪಾಗಿದ್ದರೆ ಅದರ ಬಾಳು ಮುಗಿದಿದೆ. ಶಂಖದ ಜಾತಿಯಾದರೆ ಬಾಯನ್ನು ನೋಡಬೇಕು. ಒಳಗೆ ಮಾಂಸ ಕಂಡರೂ, ಗಟ್ಟಿಯಾದ ಮುಚ್ಚಳ ಕಂಡರೂ, ಖಾಲಿ ಶಂಖದಲ್ಲಿ ಬಿಡಾರ ಹೂಡಿದ ಏಡಿ ಇಣುಕಿದರೂ ಮರಳಿ ನೀರಿಗೆ ಮೆಲ್ಲಗೆ ಇಡಬೇಕು.

ಈ ಕಟ್ಟಳೆಯ ಅರ್ಥ ನಮಗೆ ಬೋಮನ್ಸ್ ದಂಡೆಯಲ್ಲಿ ತಿಳಿಯಿತು. ಬೀಗಿತಿಯವರಿಗೆ ಒಂದು ಬಲಮುರಿ ಶಂಖ ಸಂಪಾದಿಸಬೇಕೆಂಬ ಹಂಬಲ ಬಹುದಿನದಿಂದ ಇತ್ತು. ಮೊಮ್ಮಗ ಮೊಣಕಾಲುದ್ದದ ನೀರಿನಿಂದ ಎತ್ತಿ ತಂದದ್ದು ಅಂಥದೇ ಒಂದು. ಗೇಣುದ್ದ, ಮೈಮೇಲೆ ಮಿಂಚಿನಂಥ ಕಂದು ಗೆರೆಗಳು. “ಅಜ್ಜೀ, ನಿನ್ನ ಶಂಖ!” ಎಂದವನು ಮರುಕ್ಷಣವೇ, “ಇದರೊಳಗೆ ಯಾರೋ ಇದ್ದಾರೆ!” ಎಂದು ಕೂಗಿದ. ಕಪ್ಪು ಮಾಂಸವೊಂದು ಮುಚ್ಚಳವನ್ನು ಎಳೆದುಕೊಳ್ಳುತ್ತಿತ್ತು. ಬೀಗಿತಿಯವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಅಳಿಯ ಕಟ್ಟಳೆಯ ಮಾತು ತೆಗೆಯುವ ಮೊದಲೇ, “ಅದರ ಮನೆ ಅದು. ಇದ್ದವರನ್ನು ಹೊರಗೆ ಹಾಕಿ ನಮ್ಮ ಮನೆ ಸಿಂಗರಿಸುವುದು ಬೇಡಪ್ಪಾ, ಎತ್ತಿದಲ್ಲೇ ಇಟ್ಟು ಬಾ” ಎಂದು ಹುಡುಗನ ಕೈಗೆ ಕೊಟ್ಟರು. ಅವನು ಮನಸ್ಸಿಲ್ಲದ ಮನಸ್ಸಿನಿಂದಲೇ ಹೋಗಿ ಇಟ್ಟು ಬಂದ.

ಆ ಜೀವಿಯ ಹೆಸರು ಲೈಟನಿಂಗ್ ವೆಲ್ಕ್. ನಮ್ಮ ಮನೆಗಳ ಹೆಣ್ಣುಮಕ್ಕಳು ಅರಿತಿರಬೇಕಾದ ಸಂಗತಿಯೊಂದು ಇಲ್ಲಿದೆ. ಸುರುಳಿಯನ್ನು ಕೆಳಗೆ ಮಾಡಿ, ನೀಳವಾದ ತುದಿಯನ್ನು ಮೇಲೆ ಮಾಡಿ, ಬಾಯಿಯನ್ನು ನಮ್ಮತ್ತ ತಿರುಗಿಸಿ ಹಿಡಿದಾಗ, ನಮ್ಮ ದೇಶದ ಶಂಖಗಳ ಬಾಯಿ ಸಾಮಾನ್ಯವಾಗಿ ಎಡಕ್ಕಿರುತ್ತದೆ. ಬಲಕ್ಕೆ ಬಾಯಿರುವುದು ಅತ್ಯಂತ ವಿರಳ. ಅದೇ ಬಲಮುರಿ, ಅದಕ್ಕೇ ಅಷ್ಟು ಬೆಲೆ. ಅಮೆರಿಕದ ಈ ವೆಲ್ಕ್ ಜಾತಿಗೆ ಬಲಕ್ಕೆ ತೆರೆಯುವುದೇ ಹುಟ್ಟುಗುಣ. ಆದ್ದರಿಂದ ಇದರ ಚಿಪ್ಪುಗಳನ್ನು ಭಾರತದ ಪೇಟೆಗಳಲ್ಲಿ ಬಲಮುರಿ ಶಂಖವೆಂದು ಮಾರುವುದುಂಟು. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ನಿಜವಾದ ಶಂಖದ ಬಾಯಿಯೊಳಗೆ, ನಡುಗಂಬದ ಮೇಲೆ, ಮೂರು ನಾಲ್ಕು ಎದ್ದು ಕಾಣುವ ಮಡಿಕೆಗಳಿರುತ್ತವೆ. ವೆಲ್ಕಿನ ನಡುಗಂಬ ನುಣುಪು. ಬೆಲೆ ತೆರುವ ಮೊದಲು ಬೆರಳು ಆಡಿಸಿ ನೋಡಿದರೆ ಸಾಕು.

ಎರಡನೆಯ ದಿನ ‘ಡಿಂಗ್’ ಡಾರ್ಲಿಂಗ್ ವನ್ಯಧಾಮಕ್ಕೆ ಹೋದೆವು. ವ್ಯಂಗ್ಯಚಿತ್ರಕಾರರಾಗಿ ಎರಡು ಬಾರಿ ಪುಲಿಟ್ಜರ್ ಪ್ರಶಸ್ತಿ ಪಡೆದ ಜೆ. ಎನ್. ಡಾರ್ಲಿಂಗ್ ಅವರ ಪ್ರಯತ್ನದಿಂದ 1945ರಲ್ಲಿ ಸ್ಥಾಪನೆಯಾದ ಧಾಮಕ್ಕೆ 1967ರಲ್ಲಿ ಅವರ ಹೆಸರಿಡಲಾಯಿತು. ಕಾಂಡ್ಲಾ ಕಾಡಿನ ನಡುವೆ ಸುಮಾರು ಆರೂವರೆ ಕಿಲೋಮೀಟರ್ ದಾರಿಯಲ್ಲಿ ಕಾರಿನಲ್ಲೇ ಸಾಗಬಹುದಾದ್ದರಿಂದ ವೃದ್ಧರಿಗೆ ಅನುಕೂಲ. ಇಳಿತದ ಕೆಸರಿನಲ್ಲಿ ಬೆಳ್ಳಕ್ಕಿಗಳೂ, ಚಮಚದಂಥ ಕೊಕ್ಕಿನ ಗುಲಾಬಿ ಹಕ್ಕಿಗಳೂ ಮೇಯುತ್ತವೆ. ಶುಕ್ರವಾರ ಈ ದಾರಿಗೆ ರಜೆ. ಅದನ್ನು ನೋಡಿಕೊಂಡು ದಿನ ಗೊತ್ತುಮಾಡಬೇಕು.

ಕಾಲದ ಆಯ್ಕೆಯೂ ದಂಡೆಯ ಆಯ್ಕೆಯಷ್ಟೇ ಮುಖ್ಯ. ಡಿಸೆಂಬರಿನಿಂದ ಮಾರ್ಚಿಯವರೆಗೆ ಹವೆ ಹಿತ, ನೀರು ಮಾತ್ರ ತಣ್ಣಗೆ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಕಡಲಾಮೆಗಳು ದಂಡೆಗೆ ಬಂದು ಉಸುಕಿನಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಬೆಳಕನ್ನೇ ಅನುಸರಿಸಿ ಕಡಲಿನ ದಾರಿ ಹಿಡಿಯುವುದರಿಂದ, ಆ ತಿಂಗಳುಗಳಲ್ಲಿ ದಂಡೆಯ ಮನೆಗಳವರು ರಾತ್ರಿ ದೀಪ ಆರಿಸುತ್ತಾರೆ. ಮಕ್ಕಳು ತೋಡಿದ ಗುಂಡಿಗಳನ್ನು ಸಂಜೆ ಮುಚ್ಚಿಯೇ ಹೊರಡಬೇಕು. ಆಮೆ ಅದರಲ್ಲಿ ಬಿದ್ದರೆ ಮೇಲೆ ಬರಲಾರದು. ಕೆಲವು ವರ್ಷ ಸೂಕ್ಷ್ಮ ಪಾಚಿ ಹೆಚ್ಚಿ ‘ಕೆಂಪು ಅಲೆ’ ಬರುತ್ತದೆ. 2018ರಲ್ಲಿ ಅದರಿಂದ ಮೀನು, ಆಮೆಗಳು ಅಪಾರವಾಗಿ ಸತ್ತವು. ಆ ಗಾಳಿ ಕಣ್ಣು ಉರಿಸಿ ಕೆಮ್ಮು ತರುತ್ತದೆ. ಉಬ್ಬಸದವರು ಅಂಥ ವೇಳೆ ಹೋಗದಿರುವುದೇ ಲೇಸು.

ಜೂನಿನಿಂದ ನವೆಂಬರ್ ಚಂಡಮಾರುತಗಳ ಕಾಲ. 2022ರ ಸೆಪ್ಟೆಂಬರ್ 28ರಂದು ಬಂದ ಇಯಾನ್ ಚಂಡಮಾರುತ ಕಡಲನ್ನು ಮನೆಗಳೊಳಗೆ ನುಗ್ಗಿಸಿತು. ಸೇತುಮಾರ್ಗ ಹಲವೆಡೆ ಕಿತ್ತುಹೋಗಿ ದ್ವೀಪ ಮತ್ತೆ ದೋಣಿಯ ಕಾಲಕ್ಕೆ ಮರಳಿತು. ದೀಪಸ್ತಂಭದ ಬುಡದಲ್ಲಿದ್ದ ಹಳೆಯ ಕುಟೀರಗಳು ಕೊಚ್ಚಿಹೋದವು; ಸ್ತಂಭ ಒಂದು ಕಾಲು ಕಳೆದುಕೊಂಡರೂ ಬೀಳಲಿಲ್ಲ. ಮೂರೇ ವಾರದಲ್ಲಿ ಸೇತುಮಾರ್ಗವನ್ನು ತಾತ್ಕಾಲಿಕವಾಗಿ ಜೋಡಿಸಿದರು. 2023ರ ಫೆಬ್ರುವರಿ 28ರಂದು ದೀಪ ಮತ್ತೆ ಬೆಳಗಿತು. 2024ರಲ್ಲಿ ಮತ್ತೆರಡು ಚಂಡಮಾರುತಗಳ ನೀರು ಬಂದಿತು. ಅಲ್ಲಿಯ ಜನ ಮತ್ತೆ ಉಸುಕು ಬಳಿದು, ಗಿಡ ನೆಟ್ಟು ಬದುಕು ಹೂಡಿದ್ದಾರೆ.

ಕಡಲು ಇಷ್ಟೊಂದು ಕಸಿದುಕೊಂಡರೂ ಅದರ ಜೀವಿಗಳಿಂದ ತಾವು ಕಸಿಯಬಾರದೆಂಬ ಕಟ್ಟಳೆಯನ್ನು ಈ ಜನ ಸಡಿಲಿಸಿಲ್ಲ. ನಮ್ಮೊಂದಿಗೆ ಬಂದದ್ದು ಒಂದು ಬೊಗಸೆ ಖಾಲಿ ಚಿಪ್ಪುಗಳು. ಅಲ್ಲಿಗೆ ಹೋಗುವ ನಮ್ಮವರು ಇಳಿತದ ವೇಳೆಯನ್ನು ವಿಚಾರಿಸಿಕೊಂಡು, ಮಕ್ಕಳ ಕೈ ಹಿಡಿದು, ನಿಧಾನವಾಗಿ ನಡೆಯಲಿ. ಎತ್ತಿಕೊಂಡ ಪ್ರತಿಯೊಂದು ಚಿಪ್ಪಿನ ಬಾಯನ್ನೂ ತಿರುಗಿಸಿ ನೋಡುವುದನ್ನು ಆ ಮಕ್ಕಳಿಗೆ ಕಲಿಸಲಿ.